ಎರಡು ಬಸ್ಸಿನಾಚೆಯ ಶಾಲೆ

ಹೈಸ್ಕೂಲಿನಲ್ಲಿರುವಾಗಲೇ ಪಕ್ಕದ ಕಾಲೇಜಿನಲ್ಲಿ ಪಾಠ ಕೇಳಿ ಡಿಗ್ರಿಯ ಕ್ರೆಡಿಟ್ ಗಳಿಸಬಹುದಾದ ಆ ಶಾಲೆಗೇ ಸೇರಬೇಕೆಂದು ತನುಜಾ ಹಟ ಹಿಡಿದಿದ್ದಳು. ಬೆಳಿಗ್ಗೆ ಅಮ್ಮ ಎಣ್ಣೆ ಸುರಿದು, ಎರಡು ಜಡೆ ಬಿಗಿದು ರಿಬ್ಬನ್ ಕಟ್ಟುವಾಗಲೂ ಕಣ್ಣೀರು ಒರೆಸಿಕೊಳ್ಳುತ್ತ ಅದೇ ಜಪ.

"ಮನೆ ಪಕ್ಕದ ಸ್ಕೂಲಿಗೇನಾಗಿದೆ? ಅಲ್ಲಿಗೆ ಎರಡು ಬಸ್ ಹತ್ಬೇಕು ಕಣೇ" ಎಂದ ಅಪ್ಪ ನಂಜುಂಡಯ್ಯ.

"ಡಿಗ್ರಿ ಒಂದು ವರ್ಷ ಬೇಗ ಮುಗಿಯುತ್ತಪ್ಪಾ!"

ಮಗಳ ಓದಿನ ಹಸಿವು ಕಂಡು ಅವನ ಎದೆ ಉಬ್ಬಿತು. ಬೆಳಿಗ್ಗೆ ತಾನೇ ಬಿಟ್ಟುಬರಬೇಕೆಂದು ಫ್ಯಾಕ್ಟರಿಯಲ್ಲಿ ಬೇಡಿಕೊಂಡು ರಾತ್ರಿ ಪಾಳಿ ಹಾಕಿಸಿಕೊಂಡ.

ಸೇರಿಸಲು ಹೋದ ದಿನ "ನಮ್ಮ ಶಾಲೆನೇ ಯಾಕಮ್ಮ?" ಎಂದು ಅಲ್ಲಿನ ಮುಖ್ಯೋಪಾಧ್ಯಾಯಿನಿ ಕೇಳಿದಾಗ ತನುಜಾ ಕ್ರೆಡಿಟ್ಟು, ಗುರಿ, ಭವಿಷ್ಯ ಎಂದು ಪಟಪಟನೆ ಒಪ್ಪಿಸಿದಳು. ನಂಜುಂಡಯ್ಯ ಕಣ್ಣೊರೆಸಿಕೊಂಡು ಸಹಿ ಹಾಕಲು ಪೆನ್ನು ತೆಗೆದ.

"ನೀನೇನಾದ್ರೂ ಕೇಳೋದಿದ್ಯಾ?" ಎಂದು ಮುಖ್ಯೋಪಾಧ್ಯಾಯಿನಿ ತನುಜಾಳನ್ನು ಕೇಳಿದರು.

ತನುಜಾ ಅಪ್ಪನತ್ತ ಓರೆಗಣ್ಣಲ್ಲಿ ನೋಡಿ ದನಿ ತಗ್ಗಿಸಿದಳು. "ಕಾಲೇಜಿಗೆ ಹೋಗೋ ದಿನ ಎರಡು ಜಡೆ ಬೇಡ ಅಲ್ವಾ ಮಿಸ್? ಕೂದಲು ಬಿಟ್ಕೊಂಡು ಹೋಗ್ಬಹುದಲ್ವಾ?"

ನಂಜುಂಡಯ್ಯನ ಪೆನ್ನು ಅಲ್ಲೇ ನಿಂತಿತು.

"ಅದನ್ನ ನಿಮ್ಮಪ್ಪ ಸೈನ್ ಹಾಕಿದ್ಮೇಲೆ ಹೇಳ್ತೀನಿ" ಎಂದರು ಮುಖ್ಯೋಪಾಧ್ಯಾಯಿನಿ. "ಮೊದಲೇ ಹೇಳಿಬಿಟ್ರೆ ನಮ್ಮ ಶಾಲೆಗೆ ಒಬ್ಬ ಹುಡುಗೀನೂ ಸೇರಲ್ಲ."