ಕ್ಲಿಯರ್ ಕೊಟ್ಟವರು

"ನಾ ಕ್ಲಿಯರ್ ಕೊಟ್ಟಿಲ್ರಿ," ಎಂದು ಮುಜಫರ್ ನಾಲ್ಕನೆಯ ಸಲ ಹೇಳಿದ.

ನಾಜಮೀನ್ ಅವನ ಮುಖ ನೋಡಲಿಲ್ಲ. ವಿದ್ಯುತ್ ಕಚೇರಿಯ ಕಿಟಕಿಯಾಚೆ ಸಾಲಾಗಿ ಮಲಗಿಸಿಟ್ಟ ಸಿಮೆಂಟಿನ ಕಂಬಗಳನ್ನೇ ನೋಡುತ್ತಿದ್ದಳು.

ಇಪ್ಪತ್ತಾರು ದಿನಗಳ ಹಿಂದೆ ಯರಗುಪ್ಪಿಯ ಎರೆಹೊಲದಲ್ಲಿ ಅವಳ ಗಂಡ ನಿಯಾಜ್ ಅಂಥದೇ ಒಂದು ಕಂಬ ಹತ್ತಿದ್ದ. ಹತ್ತು ವರ್ಷಗಳಿಂದ ಲೈನ್‌ಮನ್. ಕೈ ಚಾಚಿ ತಂತಿ ಹಿಡಿದ. ತಂತಿಯಲ್ಲಿ ಕರೆಂಟ್ ಇತ್ತು.

ಕಂಬ ಹತ್ತುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಕ್ಲಿಯರ್ ಕೇಳಬೇಕು. ಅಲ್ಲಿನ ಆಪರೇಟರ್ ಕರೆಂಟ್ ತೆಗೆದು ಕ್ಲಿಯರ್ ಎನ್ನಬೇಕು. ಆ ದಿನ ಆಪರೇಟರ್ ಆಗಿದ್ದವನು ಮುಜಫರ್. ನಿಯಾಜ್ ಕೇಳಿದ್ದು ನಿಜ, ಐದು ನಿಮಿಷ ತಡಿ ಅಂತ ತಾನು ಹೇಳಿದ್ದೂ ನಿಜ, ಆಮೇಲೆ ತಾನು ಏನೂ ಹೇಳಿಲ್ಲ ಎಂಬುದು ಅವನ ಮಾತು.

ನಿಯಾಜನ ಜೊತೆಗಿದ್ದ ಮೈಲಾರಪ್ಪನ ಮಾತು ಬೇರೆ. ಅವನು ಜೀಪಿನಿಂದ ಹಗ್ಗ ಇಳಿಸುತ್ತಿದ್ದ. ಬೆನ್ನ ಹಿಂದಿನಿಂದ ನಿಯಾಜನ ದನಿ ಕೇಳಿತು: "ಕ್ಲಿಯರ್ ಬಂತು, ಮೈಲಾರಣ್ಣಾ." ತಿರುಗಿ ನೋಡುವಷ್ಟರಲ್ಲಿ ಅವನು ಅರ್ಧ ಕಂಬ ಏರಿದ್ದ.

ಗಂಡ ತೀರಿದ ಹೆಂಗಸು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಇನ್ನೂ ಮುಗಿದಿರಲಿಲ್ಲ. ಹೇಳಿಕೆ ಕೊಡಲೆಂದೇ ನಾಜಮೀನ್ ಹಿರಿಯರ ಅಪ್ಪಣೆ ಪಡೆದು ಹೊರಗೆ ಬಂದಿದ್ದಳು. ಸಂಶಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಅವಳು. ಮಾತು ತೂಗಿ ಆಡುವವಳು. ಈ ಇಪ್ಪತ್ತಾರು ದಿನ ಒಂದೇ ಮಾತನ್ನು ತೂಗುತ್ತ ಕೂತಿದ್ದಳು.

ಅವಳನ್ನು ಸುಡುತ್ತಿದ್ದದ್ದು ಇನ್ನೊಂದಿತ್ತು. ಎರಡು ತಿಂಗಳಿಂದ ಎದೆಯಲ್ಲೊಂದು ಗಂಟು ಕೈಗೆ ಸಿಗುತ್ತಿತ್ತು. ಅವಳಿಗಿಂತ ನಿಯಾಜನೇ ಹೆಚ್ಚು ಹೆದರಿದ್ದ. ಊಟ ಸೇರುತ್ತಿರಲಿಲ್ಲ ಅವನಿಗೆ. ಹುಬ್ಬಳ್ಳಿಯ ಸ್ಕ್ಯಾನಿಂಗಿಗೆ ಜೊತೆಗೆ ಬರುತ್ತೇನೆಂದು ಹಟ ಹಿಡಿದಿದ್ದ, ರಜೆ ಸಿಗಲಿಲ್ಲ. ಆ ದಿನ ಅವನು ಯರಗುಪ್ಪಿಗೆ ಹೋದ, ಅವಳು ಒಬ್ಬಳೇ ಹುಬ್ಬಳ್ಳಿಗೆ ಹೋದಳು. ಹೆದರುವಂಥದ್ದೇನಿಲ್ಲ, ಸಾದಾ ಗಂಟು ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಎಷ್ಟೋ ದಿನಗಳ ಮೇಲೆ ಅವಳಿಗೆ ಕಣ್ಣು ಹತ್ತಿತು. ಸಂಶಿಯಲ್ಲಿ ಇಳಿದರೆ ಸ್ಟ್ಯಾಂಡಿನ ತುಂಬ ಜನ ಅವಳ ದಾರಿಯನ್ನೇ ಕಾಯುತ್ತಿದ್ದರು. ನಿಯಾಜನ ಮುಖದ ಮೇಲೆ ಆ ಸಮಾಧಾನ ನೋಡುವ ಭಾಗ್ಯ ಅವಳಿಗೆ ಇರಲಿಲ್ಲ.

ನಿನ್ನೆ ಮುಜಫರನ ತಾಯಿ ರಾಜಮಾಬಿ ಮನೆಗೆ ಬಂದಿದ್ದಳು. ಒಳಗೆ ಕರೆದರೂ ಬಾರದೆ ಹೊಸ್ತಿಲ ಬಳಿಯೇ ಕೂತಳು. ನಿಯಾಜ್, ಮುಜಫರ್ ಒಂದೇ ತಾಟಿನಲ್ಲಿ ಉಂಡು ಬೆಳೆದವರೆಂದಳು. ಮಗನನ್ನು ಕೆಲಸದಿಂದ ತೆಗೆದು ನಿಲ್ಲಿಸಿದ್ದಾರೆ, ಓಣಿಯವರು ಅವನ ಸಲಾಮಿಗೂ ಮಾರುತ್ತರ ಕೊಡುತ್ತಿಲ್ಲ, ಮೊನ್ನೆಯಿಂದ ಮನೆಯಲ್ಲಿ ಹಗ್ಗಗಳನ್ನೆಲ್ಲ ಮುಚ್ಚಿಡುತ್ತಿದ್ದೇನೆ ಎಂದಳು.

"ಅವನ ಮ್ಯಾಲ ಸಂಶಯ ಇಲ್ಲ ಅಂತ ಒಂದ ಮಾತು ಹೇಳು ಬೇಟಿ. ನೀ ಅಂದ್ರ ಮಂದಿ ಕೇಳ್ತಾರ."

ನಾಜಮೀನ್ ನೀರು ಕೊಟ್ಟಳು. ಮಾತು ಕೊಡಲಿಲ್ಲ.

ಈಗ ವಿಚಾರಣಾಧಿಕಾರಿ ಪ್ರಭಂಜನ ಕನ್ನಡಕ ತೆಗೆದು ಅವಳ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ. ಒಬ್ಬರ ಜೀವ ಹೋಗಿದೆ, ಇನ್ನೊಬ್ಬನ ಬದುಕಾದರೂ ಉಳಿದೀತೇ ಎಂದು ದಾರಿ ಹುಡುಕುತ್ತಿದ್ದರು. ಟೀಚರಾದ ನಿಮಗೆ ಗೊತ್ತಿರಲೇಬೇಕು, ಈ ಶಬ್ದಕ್ಕೆ ಅರ್ಥ ಒಂದೇ ಎರಡೇ ಎಂದರು. ದನಿ ಸ್ವಚ್ಛ ಕೇಳಿದರೂ ಕ್ಲಿಯರ್, ಮೋಡ ಸರಿದರೂ ಕ್ಲಿಯರ್, ಪರೀಕ್ಷೆ ಪಾಸಾದರೂ ಕ್ಲಿಯರ್, ರಸ್ತೆ ಖಾಲಿಯಾದರೂ ಕ್ಲಿಯರ್. ಫೋನಿನಲ್ಲಿ ಇವನು ಒಂದು ಅರ್ಥದಲ್ಲಿ ಅಂದದ್ದನ್ನು ನಿಮ್ಮ ಯಜಮಾನರು ಇನ್ನೊಂದು ಅರ್ಥದಲ್ಲಿ ತಿಳಿದಿರಬಹುದಲ್ಲವೇ?

ಆ ಅರ್ಥಗಳನ್ನೆಲ್ಲ ಪ್ರತಿವರ್ಷ ಬೋರ್ಡಿನ ಮೇಲೆ ಬರೆಸುವವಳು ಅವಳೇ.

"ಕಂಬದ ಬುಡಕ ನಿಂತಾವಗ ಅದಕ್ಕ ಒಂದ ಅರ್ಥರಿ ಸರ್. ಆ ಶಬ್ದ ಯಾರು ಮುಟ್ಟಿಸಿದ್ರೋ ಅವರ ನನ್ನ ಗಂಡನ್ನ ಕೊಂದವರು. ಹಂಗ ಬರಕೊಳ್ರಿ."

ಪ್ರಭಂಜನ ಅದನ್ನು ಹಾಗೆಯೇ ಬರೆದುಕೊಂಡರು. ನಾಜಮೀನ್ ಓದಿ, ಸಹಿ ಮಾಡಿದಳು. ಮುಜಫರ್ "ಭಾಬಿ" ಎಂದು ತಲೆ ತಗ್ಗಿಸಿದ.

ಇನ್ನೊಂದು ಕಾಗದ ಉಳಿದಿತ್ತು. ಪೊಲೀಸರಿಂದ ಆ ಬೆಳಿಗ್ಗೆಯಷ್ಟೇ ಬಂದದ್ದು. ನಿಯಾಜನ ಫೋನ್ ಸುಟ್ಟು ಕರಕಲಾಗಿತ್ತು. ಅದಕ್ಕೆ ಬಂದ ಕರೆಗಳ ವಿವರ ಕಂಪನಿಯಿಂದ ತರಿಸಲು ಇಷ್ಟು ದಿನ ಹಿಡಿದಿತ್ತು. ಮುಜಫರನ ಸುಳ್ಳು ಅದರಲ್ಲಿ ಸಿಗುತ್ತದೆ ಎಂದು ನಾಜಮೀನ್ ನೆಟ್ಟಗೆ ಕೂತಳು.

ಪ್ರಭಂಜನ ಓದುತ್ತ ಹುಬ್ಬು ಗಂಟಿಕ್ಕಿದರು. ಮುಜಫರನ ಜೊತೆ ಮಾತಾಡಿದ ಮೇಲೆ ನಿಯಾಜನಿಗೆ ಯಾವ ಕರೆಯೂ ಬಂದಿರಲಿಲ್ಲ. ಎರಡು ನಿಮಿಷ ಬಿಟ್ಟು ಒಂದೇ ಒಂದು ಮೆಸೇಜು ಬಂದಿತ್ತು, ಯಾವುದೋ ಗುರುತಿಲ್ಲದ ನಂಬರಿನಿಂದ.

"ಹೊಲದಾಗ ನೆಟ್‌ವರ್ಕ್ ಸರಿ ಇರಂಗಿಲ್ರಿ," ಎಂದು ಮುಜಫರ್ ಮೆಲ್ಲಗೆ ಒಪ್ಪಿಕೊಂಡ. "ಒಮ್ಮೊಮ್ಮೆ ಮೆಸೇಜ್ ಹಾಕ್ತೇವಿ. ಯಾರ ಫೋನ್ ಕೈಗೆ ಸಿಕ್ಕರ ಅದರಿಂದ. ಆದ್ರ ಅವತ್ತ ನಾ ಹಾಕಿಲ್ಲ."

ಪೊಲೀಸರು ಆ ನಂಬರಿನ ಒಡತಿಯನ್ನು ಹುಡುಕಿದ್ದರು. ಹುಬ್ಬಳ್ಳಿಯ ವತ್ಸಲಾಬಾಯಿ, ವಯಸ್ಸು ಅರವತ್ತೆಂಟು. ಸಬ್‌ಸ್ಟೇಷನ್ ಎಂದರೇನೆಂದೂ ಅರಿಯದವರು. ಅವರ ಹೇಳಿಕೆಯನ್ನು ಪ್ರಭಂಜನ ತಲೆಯೆತ್ತದೆ ಓದತೊಡಗಿದರು.

"ಅವತ್ತ ನಾ ಸ್ಕ್ಯಾನಿಂಗ್ ಸೆಂಟರಿನಾಗ ಕೂತಿದ್ದೆ. ಬಾಜು ಒಬ್ರು ಸಾಲಿ ಟೀಚರಬಾಯಿ ಇದ್ರು, ಅವರ ಫೋನಿನ ಚಾರ್ಜ್ ಹೋಗಿತ್ತು. ರಿಪೋರ್ಟ್ ಛಲೋ ಬಂದದ, ಮನಿಯವರು ಕಾಳಜಿ ಮಾಡ್ತಿರತಾರ ಅಂತ ನನ್ನ ಫೋನ್ ಇಸಕೊಂಡು, ಇಂಗ್ಲೀಷಿನಾಗ ಒಂದ ಶಬ್ದ ಬರದು ಕಳಿಸಿದ್ರು: ಕ್ಲಿಯರ್."