ಸಾಲಿಗೊಂದು ಆಧಾರ

ಎಪ್ಪತ್ತರ ರುದ್ರಪ್ಪ ಒಂದೊಂದೇ ಅಕ್ಷರ ಒತ್ತಿ ವಿಕಿಪೀಡಿಯಕ್ಕೆ ತಮ್ಮ ಮೊದಲ ಸಾಲು ಸೇರಿಸಿದರು: ‘ಕನ್ಹಾನ್ ನದಿಯಲ್ಲಿ ಆ ದೋಣಿ ತಾನಾಗಿ ಮುಳುಗಲಿಲ್ಲ.’

ನಾಗಪುರದ ಕನ್ನಡಿಗರಿಗೆ ವಿಕಿಪೀಡಿಯದಲ್ಲಿ ಬರೆಯಲು ಕಲಿಸುತ್ತಿದ್ದ ಮೃಣಾಲಿನಿಯ ಕೈ ಮೌಸಿನ ಮೇಲೇ ನಿಂತಿತು. ಆ ದೋಣಿ ಮುಳುಗಿ ಅಪ್ಪನನ್ನು ಕಳೆದುಕೊಂಡ ಅವಳೇ ಹಿಂದೆ ಆ ದುರಂತದ ಪುಟ ಶುರುಮಾಡಿ, ಅಪಘಾತವೆಂದು ಬರೆದಿದ್ದಳು. ಹೊಸಬರಿಗೆಲ್ಲ ಹೇಳುವ ಮಾತೇ ಬಾಯಿಗೆ ಬಂತು. “ಆಧಾರ ಇಲ್ಲದ ಸಾಲು ಇಲ್ಲಿ ನಿಲ್ಲೂದಿಲ್ರಿ, ಕಾಕಾ. ಪೇಪರ್ ಕಟಿಂಗ್ ಏನರ ಐತೇನ್ರಿ?”

“ಪೇಪರಿನ್ಯಾಗ ಬಂದಿಲ್ಲವ್ವ.” ರುದ್ರಪ್ಪ ಕೈಚೀಲದಿಂದ ಮುಷ್ಟಿಗಾತ್ರದ ಮರದ ಬಿರಡೆಯೊಂದನ್ನು ತೆಗೆದು ಕೀಬೋರ್ಡಿನ ಪಕ್ಕ ಇಟ್ಟರು. ಅದಕ್ಕೆ ಮೆತ್ತಿದ್ದ ಡಾಂಬರು ಒಣಗಿ ಬಿರುಕು ಬಿಟ್ಟಿತ್ತು.

“ದೋಣಿ ತಳದ ತೂತಿಗೆ ಬಡದಿದ್ದು ಇದ. ನಡು ಹೊಳ್ಯಾಗ ಕಿತ್ತಾಂವ ನಾನ. ನಿಮ್ಮಪ್ಪಗ ಈಜು ಬರೂದಿಲ್ಲ ಅನ್ನೂದು ನನಗ ಗೊತ್ತಿತ್ತು.”