ಮೇಷ್ಟ್ರನ್ನು ಇಳಿಸಿದ್ದು

ಕುಡಿದವರು ನೆಲ ಬಿಟ್ಟು ತೇಲುವುದು ಆ ಊರಿಗೇನೂ ಹೊಸದಲ್ಲ. ಆದರೂ ಒಂದನೇ ತರಗತಿಯಲ್ಲಿ ನಾಗಭೂಷಣ ಮೇಷ್ಟ್ರು ಮತ್ತೆ ಚಾವಣಿಗೆ ಅಂಟಿಕೊಂಡಿದ್ದನ್ನು ಕಂಡು ಮುಖ್ಯೋಪಾಧ್ಯಾಯಿನಿ ವಿಮಲಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಭಾರಕ್ಕೆಂದು ಮೇಷ್ಟ್ರು ಜೇಬಿಗೆ ತುಂಬಿಕೊಂಡಿದ್ದ ಕಲ್ಲುಗಳು ಒಂದೊಂದಾಗಿ ಉದುರುತ್ತಿದ್ದವು. ಮಕ್ಕಳು ತಲೆಯ ಮೇಲೆ ಸ್ಲೇಟು ಹಿಡಿದು ಕೂತಿದ್ದರು.

“ಮಕ್ಕಳ ತಲೆ ಒಡೆದ್ರೆ ಯಾರ್ರೀ ಜವಾಬ್ದಾರಿ? ನಾಚಿಕೆ ಆಗಲ್ವೇನ್ರೀ?”

“ಇವತ್ತು ಮುಟ್ಟೇ ಇಲ್ಲ ಮೇಡಂ, ಇದು ನಿನ್ನೇದು,” ಎಂದರು ಮೇಷ್ಟ್ರು ಫ್ಯಾನು ತಬ್ಬಿಕೊಂಡು.

ವಿಮಲಾಕ್ಷಿ ಮಾವಿನಕಾಯಿ ಕೀಳುವ ದೋಟಿ ತಂದು ಎಳೆದರು. ಅಂಗಿ ಹರಿಯಿತೇ ಹೊರತು ಮೇಷ್ಟ್ರು ಇಳಿಯಲಿಲ್ಲ. ಆರು ವರ್ಷದ ರಕ್ಷಿತಾ ಎದ್ದು ಬಂದು ದೋಟಿ ಇಸಿದುಕೊಂಡಳು. ಮೆಲ್ಲಗೆ ಅವರನ್ನು ಇಳಿಸಿ, ತನ್ನ ಜಡೆಯ ರಿಬ್ಬನ್ನಿನಿಂದ ಕಾಲನ್ನು ಬೆಂಚಿಗೆ ಕಟ್ಟಿದಳು.

“ಕೊಕ್ಕೆ ಅಂಗಿಗಲ್ಲ ಮಿಸ್, ಬೆಲ್ಟಿಗೆ ಹಾಕ್ಬೇಕು,” ಎಂದಳು. “ನಮ್ಮಪ್ಪನ್ನ ನಾನು ದಿನಾ ಹಂಗೇ ಇಳಿಸೋದು.”